ಅಗಲಿಕೆಯ ಆತಂಕ: ಸ್ವಾರಗೇಟ ನಿಲ್ದಾಣದಲ್ಲಿ ಕಾಣುವುದು

ಎಂಟು-ಹತ್ತು ತಿಂಗಳ ಕೂಸು ತಾಯಿ ಮರೆಯಾದೊಡನೆ ಅಳುವುದು ರೋಗವಲ್ಲ, ಬೆಳವಣಿಗೆಯ ಲಕ್ಷಣ. ಸಾಮಾನ್ಯವಾಗಿ ಮೂರನೆಯ ವರ್ಷದ ಹೊತ್ತಿಗೆ ಅದು ತಾನಾಗಿಯೇ ತಗ್ಗುತ್ತದೆ. ಆದರೆ ಶಾಲೆಗೆ ಹೋಗುವ ವಯಸ್ಸಿನ ಮಗು ತಾನು ಹಚ್ಚಿಕೊಂಡವರನ್ನು ಬಿಟ್ಟಿರಲಾರದೆ, ದಿನವೂ ಬೆಳಿಗ್ಗೆ ಹೊಟ್ಟೆನೋವೆಂದು ನರಳುತ್ತ, ಅವರಿಗೆ ಏನಾದರೂ ಆಗಿಬಿಟ್ಟೀತೆಂಬ ಭಯದಲ್ಲಿ ನಾಲ್ಕು ವಾರಗಳಾದರೂ ತೊಳಲಿದರೆ, ಮನೋವೈದ್ಯರು ಅದನ್ನು ಅಗಲಿಕೆಯ ಆತಂಕದ ಕಾಯಿಲೆ ಎಂದು ಗುರುತಿಸುತ್ತಾರೆ. ಒಂಟಿಯಾಗಿ ಮಲಗಲು ಒಪ್ಪದಿರುವುದೂ ಲಕ್ಷಣಗಳ ಪಟ್ಟಿಯಲ್ಲಿದೆಯಾದರೂ, ಮನೆಮಂದಿಯೆಲ್ಲ ಸಾಲಾಗಿ ಹಾಸಿಕೊಂಡು ಮಲಗುವ ನಮ್ಮ ಮನೆಗಳಲ್ಲಿ ಆ ಒರೆಗಲ್ಲು ಅಷ್ಟಾಗಿ ಉಪಯೋಗಕ್ಕೆ ಬಾರದು.

ಪುಣೆಯ ಸ್ವಾರಗೇಟ ನಿಲ್ದಾಣದಿಂದ ವಿಜಯಪುರ, ಕಲಬುರಗಿ, ಹುಬ್ಬಳ್ಳಿಯ ಬಸ್ಸುಗಳು ಹೊರಡುವ ಹೊತ್ತಿನಲ್ಲಿ ನಿಂತು ನೋಡಿದವರಿಗೆ ಈ ಪಟ್ಟಿ ಇನ್ನೂ ಕಿರಿದೆನಿಸುತ್ತದೆ. ಗುಳೆ ಬಂದು ಕಟ್ಟಡ ಕೆಲಸಕ್ಕೆ ನಿಂತವರಲ್ಲಿ ಮಕ್ಕಳನ್ನು ಊರಿನ ಅಜ್ಜಿಯ ಬಳಿ ಬಿಟ್ಟುಬಂದವರಿದ್ದಾರೆ. ಬಸ್ಸಿನ ಕಿಟಕಿಯ ಎರಡೂ ಬದಿ ಕಣ್ಣೊರೆಸಿಕೊಳ್ಳುವವರಲ್ಲಿ ದೊಡ್ಡವರೇ ಹೆಚ್ಚು. ಆ ದುಃಖ ಕಾಯಿಲೆಯಲ್ಲ. ಆದರೆ ಮಗ ಊರು ಮುಟ್ಟುವ ತನಕ ತುತ್ತು ಇಳಿಯದೆ, ಗಳಿಗೆಗೊಮ್ಮೆ ಫೋನ್ ಮಾಡುತ್ತ, ಇದೇ ಚಿಂತೆಯಲ್ಲಿ ಕೆಲಸವನ್ನೂ ಬಿಟ್ಟು ತಿಂಗಳುಗಟ್ಟಲೆ ಬಳಲುವವರ ಸ್ಥಿತಿಯನ್ನು ಬರಿಯ ಮಮತೆಯೆಂದು ಕರೆದು ಸುಮ್ಮನಾಗುವುದು ತಪ್ಪು.

ಆ ತಪ್ಪನ್ನು ವೈದ್ಯಶಾಸ್ತ್ರವೂ ಬಹುಕಾಲ ಮಾಡಿತೆಂಬುದೇ ಇಲ್ಲಿನ ಸೋಜಿಗ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ 1980ರಲ್ಲಿ ಅಗಲಿಕೆಯ ಆತಂಕವನ್ನು ಮಕ್ಕಳ ಕಾಯಿಲೆಗಳ ಸಾಲಿಗೆ ಸೇರಿಸಿತು. 1994ರ ನಾಲ್ಕನೆಯ ಆವೃತ್ತಿಯ ಪ್ರಕಾರ 18 ವರ್ಷದೊಳಗೆ ಆರಂಭವಾಗದಿದ್ದರೆ ಈ ಹೆಸರೇ ಸಲ್ಲುತ್ತಿರಲಿಲ್ಲ. ಹೀಗಾಗಿ ನಲವತ್ತರಲ್ಲಿ ಮೊದಲ ಬಾರಿ ಬಳಲಿದವರ ನೋವಿಗೆ ಪುಸ್ತಕದಲ್ಲಿ ಜಾಗವಿರಲಿಲ್ಲ. 2013ರ ಐದನೆಯ ಆವೃತ್ತಿ ಆ ಗಡಿಯನ್ನು ಅಳಿಸಿ, ವಯಸ್ಕರಲ್ಲಿ ಸಾಮಾನ್ಯವಾಗಿ ಆರು ತಿಂಗಳ ಅವಧಿಯನ್ನು ಸೂಚಿಸಿತು. 18 ದೇಶಗಳ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾದಾಗ, ಈ ಕಾಯಿಲೆ ಕಂಡವರಲ್ಲಿ ಶೇ 43ರಷ್ಟು ಮಂದಿಗೆ ಅದು 18 ದಾಟಿದ ಮೇಲೆಯೇ ಆರಂಭವಾಗಿತ್ತೆಂದು ತಿಳಿದುಬಂತು.

ಚಿಕಿತ್ಸೆಯಲ್ಲಿ ಮುಖ್ಯವಾದುದು ಅರಿವು-ವರ್ತನೆಯ ಚಿಕಿತ್ಸೆ, ಅಂದರೆ ಭಯದ ಯೋಚನೆಗಳನ್ನು ಪರೀಕ್ಷಿಸುತ್ತ, ಅಗಲಿರುವ ಅವಧಿಯನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುವ ಕ್ರಮ. ತೀವ್ರವಾದಾಗ ಔಷಧವೂ ಜೊತೆಗೂಡುತ್ತದೆ. ಮಗು ನಿದ್ದೆಹೋದಾಗ ಕಣ್ಣು ತಪ್ಪಿಸಿ ಬಸ್ಸು ಹತ್ತುವ ರೂಢಿ ಮಾತ್ರ ಬಿಡಲೇಬೇಕಾದುದು, ಏಕೆಂದರೆ ಎದ್ದಾಗ ಯಾರೂ ಇರಲಿಕ್ಕಿಲ್ಲವೆಂಬ ಭಯ ಅದರಿಂದ ನಿದ್ದೆಗೂ ಅಂಟಿಕೊಳ್ಳಬಹುದು. ಹೋಗಿ ಬರುತ್ತೇನೆಂದು ಎದುರಿಗೇ ಹೇಳಿ, ಬರುವ ದಿನ ತಿಳಿಸಿ, ಆ ದಿನವೇ ಬರುವುದು ಲೇಸು. ಅಷ್ಟರಿಂದಲೂ ಭಯ ತಗ್ಗದಿದ್ದರೆ, ಮಗುವಿಗಾಗಲಿ ತಮಗಾಗಲಿ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.