ಎರೆಮಣ್ಣಿನ ದೂಳು, ಪ್ಲೇಟಿನ ಮುಳ್ಳು

ಕುಂದಗೋಳದ ನಾಡಿಗೇರ ವಾಡೆಯಲ್ಲಿ ಇರುಳು ತಂಬೂರಿ ಶ್ರುತಿಗೂಡಿತೆಂದರೆ ಬೆಳಕು ಹರಿಯುವವರೆಗೆ ಯಾರೂ ಏಳುತ್ತಿರಲಿಲ್ಲ. ಆ ಊರಿನ ರಾಮಭಾವು, ಮುಂದೆ ಸವಾಯಿ ಗಂಧರ್ವರೆಂದು ಹೆಸರಾದವರು, ಗ್ರಾಮೋಫೋನ್ ಕಂಪನಿಗೆ ಹಾಡಿದಾಗ ಅವರಿಗೆ ಸಿಕ್ಕಿದ್ದು ಪ್ಲೇಟಿನ ಒಂದು ಮಗ್ಗುಲಿಗೆ ಮೂರು ಮಿನಿಟು ಚಿಲ್ಲರೆ. ಕಿರಾಣಾ ಘರಾಣೆಯ ಅತಿವಿಲಂಬಿತದಲ್ಲಿ ಏಕತಾಲದ ಒಂದೇ ಆವರ್ತನ ಮುಕ್ಕಾಲು ಮಿನಿಟು ನುಂಗುತ್ತದೆ. ಹೀಗಿರುವಾಗ ಮೂರು ಮಿನಿಟಿನಲ್ಲಿ ಖಯಾಲು ಹಾಡುವುದೆಂದರೆ ಜೋಳದ ಹೊಲವನ್ನು ಕಿಸೆಯಲ್ಲಿಟ್ಟು ತೋರಿಸಿದಂತೆಯೇ. ಪ್ಲೇಟು ಮೇಲೋ ಸಿಡಿ ಮೇಲೋ ಎಂಬ ಜಗಳವನ್ನು ಜನ ಸಾಮಾನ್ಯವಾಗಿ 'ಇಂಪು' ಎಂಬ ಮಾತಿನಿಂದ ಶುರು ಮಾಡುತ್ತಾರೆ. ನಮ್ಮ ಕಡೆ ಅದು ಹೊತ್ತಿನ ಲೆಕ್ಕದಿಂದ ಶುರುವಾಗಬೇಕು.

ಆ ಹಳೆಯ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಅದರ ಮುಖ್ಯ ದ್ರವ್ಯ ಅರಗು. ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಮೆರುಗು ಕೊಡುವುದೂ ಅದೇ ಕೀಟದ ಅಂಟು. ಪ್ಲೇಟಿನಲ್ಲಿ ಅರಗಿನ ಜೊತೆ ಕಲ್ಲಿನ ಪುಡಿಯನ್ನೂ ಬೇಕೆಂದೇ ಬೆರೆಸುತ್ತಿದ್ದರು. ಉಕ್ಕಿನ ಮುಳ್ಳು ಮೊದಲ ಕೆಲವು ಸುತ್ತಿನಲ್ಲೇ ಸವೆದು ಗೀರಿನ ಆಕಾರಕ್ಕೆ ಹೊಂದಿಕೊಳ್ಳಲಿ ಎಂಬುದು ಉಪಾಯ. ಹಾಗಾಗಿ ಮಗ್ಗುಲಿಗೊಂದು ಹೊಸ ಮುಳ್ಳು ಬೇಕು. ಹಿನ್ನೆಲೆಯಲ್ಲಿ ಕೇಳುವ ಆ 'ಚರ್ ಚರ್' ಬಹುಪಾಲು ಆ ಕಲ್ಲಿನ ಪುಡಿಯ ಸದ್ದು. ಆದರೆ ಇದಕ್ಕೆ ಕರೆಂಟು ಬೇಕಿರಲಿಲ್ಲ. ಕೀಲಿ ಕೊಟ್ಟರೆ ಸ್ಪ್ರಿಂಗು ತಿರುಗಿಸುತ್ತದೆ, ಮುಳ್ಳಿನ ನಡುಕ ತಗಡಿನ ಪದರಕ್ಕೆ ದಾಟಿ ಕಹಳೆಯಲ್ಲಿ ದೊಡ್ಡದಾಗುತ್ತದೆ. ವಿದ್ಯುತ್ ಕಂಬ ಬರುವ ಎಷ್ಟೋ ಮೊದಲೇ ಹಾಡು ಊರಿಗೆ ಬಂದದ್ದು ಹೀಗೆ. ಎಳವೆಯಲ್ಲಿ ಗ್ರಾಮೋಫೋನಿನ ದನಿ ಕೇಳಿದರೆ ಬೀದಿಗೆ ಓಡುತ್ತಿದ್ದ ಗಂಗೂಬಾಯಿ ಹಾನಗಲ್ಲರು ಮುಂದೆ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಪಾಠ ಕಲಿತರು. ಅಂಗಡಿಯಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ಪ್ಲೇಟು ಕೇಳಿದ ಹುಡುಗ ಭೀಮಸೇನ ಜೋಶಿ 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಮೂರು ಮಿನಿಟಿನ, ಚರಗುಟ್ಟುವ ಸದ್ದು ಅಷ್ಟು ಮಾಡಿತು! ಧ್ವನಿಯ ಗುಣಮಟ್ಟದ ಬಗ್ಗೆ ಅತಿಯಾಗಿ ತಲೆ ಕೆಡಿಸಿಕೊಳ್ಳುವವರು ಇದನ್ನು ನೆನಪಿಡುವುದು ಒಳ್ಳೆಯದು.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿ ತಂದಿತು. ಅರಗಿನ ಬದಲು ವಿನೈಲ್ ಎಂಬ ನುಣುಪಾದ ಪ್ಲಾಸ್ಟಿಕ್ಕು, ಕೂದಲೆಳೆಯಂಥ ಗೀರು, ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು. ಮಗ್ಗುಲಿಗೆ ಇಪ್ಪತ್ತು ಇಪ್ಪತ್ತೆರಡು ಮಿನಿಟು ಸಿಕ್ಕಿತು. ಗಂಗೂಬಾಯಿ, ಮಲ್ಲಿಕಾರ್ಜುನ ಮನ್ಸೂರ, ಭೀಮಸೇನರು ಒಂದು ಮಗ್ಗುಲಿಗೆ ಒಂದು ರಾಗವನ್ನು ಕೂರಿಸತೊಡಗಿದರು.

ಇಲ್ಲೇ ಒಂದು ತೊಡಕಿದೆ. ಖಯಾಲು ಕೇಳುವವರಿಗೇ ಅದು ಹೆಚ್ಚು ತಟ್ಟುವುದು. ಪ್ಲೇಟು ಒಂದೇ ಗತಿಯಲ್ಲಿ ತಿರುಗುತ್ತದೆ, ಆದರೆ ಮುಳ್ಳು ಹೊರಗಿನಿಂದ ಒಳಗೆ ಸರಿಯುತ್ತ ಹೋಗುತ್ತದೆ. ಕಣದಲ್ಲಿ ಹಂತಿ ಕಟ್ಟಿದಾಗ ಮೇಟಿಯ ಪಕ್ಕದ ಎತ್ತು ಸಣ್ಣ ಸುತ್ತು, ಹೊರಗಿನ ಎತ್ತು ದೊಡ್ಡ ಸುತ್ತು ಹಾಕುವುದಿಲ್ಲವೇ, ಹಾಗೆ. ಹೊರಗಿನ ಗೀರು ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರು ಓಡುತ್ತದೆ, ಕೊನೆಯ ಗೀರು ಬರೀ 21. ಅಷ್ಟೇ ಸ್ವರವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕಿಕ್ಕಿರಿಸಬೇಕು. ಅಲೆಗಳು ಮುದುಡಿ ಒತ್ತೊತ್ತಾಗುತ್ತವೆ, ಮುಳ್ಳಿನ ತುದಿ ಅವುಗಳೊಳಗೆ ಪೂರ್ತಿ ಇಳಿಯಲಾರದು, ದನಿ ಒಡೆಯುತ್ತದೆ. ಖಯಾಲಿನ ನಡೆಯೇನು? ಮಂದ್ರದಲ್ಲಿ ನಿಧಾನಕ್ಕೆ ಶುರುವಾಗಿ, ತಾರಸ್ಥಾಯಿಯ ಮಿಂಚಿನ ತಾನಗಳಲ್ಲಿ ಮುಗಿಯುವುದು! ಅಂದರೆ ಗೀರು ಉದಾರವಾಗಿರುವ ಕಡೆ ನಮ್ಮವರು ಸಾವಕಾಶ ಆಲಾಪ ಮಾಡುತ್ತಾರೆ, ಗೀರು ಉಸಿರುಗಟ್ಟುವ ಕಡೆ ದ್ರುತದಲ್ಲಿ ತಾನ ಸುರಿಸುತ್ತಾರೆ. ಎಲ್‌ಪಿಯನ್ನು ರೂಪಿಸಿದವರು ಕಿರಾಣಾ ಗಾಯನ ಕೇಳಿರಲಿಲ್ಲವೆಂದು ಕಾಣುತ್ತದೆ.

ತಬಲಾದ ಡಗ್ಗಾಕ್ಕೂ ಇಂಥದೇ ಕಷ್ಟ. ತಗ್ಗಿನ ಸ್ವರ ಗೀರನ್ನು ಅಗಲವಾಗಿ ಅಲುಗಾಡಿಸುತ್ತದೆ, ಪಕ್ಕದ ಗೀರಿಗೆ ಹೋಗಿ ತಾಕುತ್ತದೆ. ಹಾಗಾಗಿ ಕೊರೆಯುವಾಗ ತಗ್ಗಿನ ದನಿಯನ್ನು ಕುಗ್ಗಿಸಿ, ಏರುದನಿಯನ್ನು ಹಿಗ್ಗಿಸುತ್ತಾರೆ. ನುಡಿಸುವ ಯಂತ್ರ ಅದನ್ನು ತಿರುವುಮುರುವು ಮಾಡಿ ಸರಿದೂಗಿಸುತ್ತದೆ. ಮಗ್ಗುಲಿಗೆ ಮೂವತ್ತು ಮಿನಿಟು ತುರುಕಿದರೆ ಗೀರು ಸಪೂರಾಗಿ ಒಟ್ಟು ದನಿಯೇ ಸಣ್ಣದಾಗುತ್ತದೆ, ಹಿನ್ನೆಲೆಯ ಸದ್ದು ಎದ್ದು ಕೇಳುತ್ತದೆ.

ಇನ್ನು ದೂಳು. ನವಲಗುಂದ, ಅಣ್ಣಿಗೇರಿಯ ಎರೆಭೂಮಿ ಬೇಸಿಗೆಯಲ್ಲಿ ಬಾಯಿ ಬಿಟ್ಟು ಗಾಳಿಗೆ ಏಳುವುದನ್ನು ಕಂಡವರಿಗೆ ಹೇಳಬೇಕಿಲ್ಲ: ಅಲ್ಲಿ ತೆರೆದಿಟ್ಟ ಪ್ಲೇಟಿನ ಮೇಲೆ ಹಾಡು ಮುಗಿಯುವ ಮೊದಲೇ ಒಂದು ಪದರ ಕೂತಿರುತ್ತದೆ. ಒರೆಸಿದಷ್ಟೂ ವಿನೈಲಿಗೆ ವಿದ್ಯುದಾವೇಶ ಬಂದು ಅದೇ ದೂಳನ್ನು ಮತ್ತೆ ಎಳೆದುಕೊಳ್ಳುತ್ತದೆ. ಮುಳ್ಳಿನ ಭಾರ ಎರಡು ಗ್ರಾಮಿನಷ್ಟೇ, ಆದರೆ ಅದಷ್ಟೂ ಕಣ್ಣಿಗೆ ಕಾಣದ ತುದಿಯ ಮೇಲೆ ಬೀಳುವುದರಿಂದ ದೂಳಿನ ಕಣ ಗೀರಿನ ಗೋಡೆಗೆ ಮೊಳೆಯಂತೆ ನಾಟುತ್ತದೆ. ಆಮೇಲೆ ಸುತ್ತಿಗೊಮ್ಮೆ 'ಟಿಕ್'. ಎಲ್‌ಪಿಯಲ್ಲಿ ಅದು ಸರಿಯಾಗಿ 1.8 ಸೆಕೆಂಡಿಗೊಂದು. ವಿಲಂಬಿತ ಕೇಳುವಾಗ ತಬಲಜಿ ಒಂದು ಲಯ, ಟಿಕ್ ಇನ್ನೊಂದು ಲಯ. ತಲೆಯೊಳಗೆ ಲೆಕ್ಕ ತಪ್ಪದಿದ್ದರೆ ಕೇಳಿ. ತಗಡಿನ ಮಾಳಿಗೆಯ ಕೆಳಗೆ ಓರೆಯಾಗಿ ಒರಗಿಸಿಟ್ಟ ಪ್ಲೇಟು ಏಪ್ರಿಲ್ ಬಿಸಿಲಿಗೆ ಹಪ್ಪಳದಂತೆ ಸೊಟ್ಟಾಗುವುದು ಬೇರೆ.

ಇದಕ್ಕೆಲ್ಲ ಸಿಡಿ ನಿಜವಾದ ಉತ್ತರ ಕೊಟ್ಟಿತು. 1982ರ ಅಕ್ಟೋಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ, ಫಿಲಿಪ್ಸ್ ಮತ್ತು ಸೋನಿ ಕೂಡಿ ರೂಪಿಸಿದ ಈ 12 ಸೆಂಟಿಮೀಟರಿನ ಬಿಲ್ಲೆಯನ್ನು ಏನೂ ಮುಟ್ಟುವುದಿಲ್ಲ, ಲೇಸರ್ ಬೆಳಕು ಮಾತ್ರ ಮುಟ್ಟುತ್ತದೆ. 74 ಮಿನಿಟು, ಮಗ್ಗುಲು ಬದಲಿಸುವ ಮಾತಿಲ್ಲ. ಓದುವಿಕೆ ಒಳಗಿನಿಂದ ಹೊರಕ್ಕೆ, ಮತ್ತು ಬಿಲ್ಲೆಯ ವೇಗ ನಿಮಿಷಕ್ಕೆ ಸುಮಾರು 500 ಸುತ್ತಿನಿಂದ 200ಕ್ಕೆ ಇಳಿಯುತ್ತ ಹೋಗುತ್ತದೆ. ಎತ್ತು ಯಾವ ಸುತ್ತಿನಲ್ಲಿದ್ದರೂ ಹೆಜ್ಜೆಯ ವೇಗ ಒಂದೇ. ಕೊನೆಯ ತಾನಕ್ಕೂ ಮೊದಲ ಷಡ್ಜಕ್ಕೂ ಸಮಾನ ಜಾಗ.

ಸಿಡಿಯ ಮೇಲೆ ಸಂಗೀತಗಾರರೇ ಹೊರಿಸುವ ಒಂದು ಆಪಾದನೆಯಿದೆ. ಅದು ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದು ಅಂಕಿಯಾಗಿಸುತ್ತದೆ, ಹಾಗಾಗಿ ಮೀಂಡ್ ತುಂಡು ತುಂಡಾಗುತ್ತದೆ, ಗಾಂಧಾರದಿಂದ ಷಡ್ಜಕ್ಕೆ ಜಾರುವಾಗ ನಡುವೆ ಮೆಟ್ಟಿಲು ಕಾಣಿಸುತ್ತವೆ ಎಂದು. ಕೇಳಲು ಸರಿಯೆನಿಸುತ್ತದೆ, ಆದರೆ ತಪ್ಪು. ಒಂದು ಅಲೆಯನ್ನು ಅದರ ಕಂಪನದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ, ಆ ಎಲ್ಲ ಬಿಂದುಗಳ ಮೂಲಕ ಹಾಯುವ ನಯವಾದ ಗೆರೆ ಒಂದೇ ಒಂದು. ಬೇರೆ ಗೆರೆ ಎಳೆಯಲು ಸಾಧ್ಯವೇ ಇಲ್ಲ. ಮನುಷ್ಯರ ಕಿವಿಯ ಮಿತಿ ಸೆಕೆಂಡಿಗೆ ಸುಮಾರು 20,000 ಕಂಪನ, ಅದೂ ಎಳೆಯ ವಯಸ್ಸಿನಲ್ಲಿ. 44,100 ಅದಕ್ಕೆ ಸಾಕು. ಸ್ಪೀಕರಿಗೆ ಬರುವಾಗ ಮೆಟ್ಟಿಲು ಉಳಿದಿರುವುದಿಲ್ಲ, ಮೀಂಡ್ ಮೀಂಡಾಗಿಯೇ ಇರುತ್ತದೆ. ಪ್ರತಿ ಅಳತೆಗೆ 65,536 ಹಂತಗಳಿರುವುದರಿಂದ ಅತಿ ಮೆಲ್ಲನೆಯ ಮತ್ತು ಅತಿ ಜೋರಿನ ದನಿಯ ಅಂತರ ಸಿಡಿಯಲ್ಲಿ 96 ಡೆಸಿಬೆಲ್. ಒಳ್ಳೆಯ ಎಲ್‌ಪಿಯಲ್ಲಿ ಎಪ್ಪತ್ತರ ಆಸುಪಾಸು. ಅಂಕಿಯ ಕಣದಲ್ಲಿ ಪ್ಲೇಟು ಸೋತಿತು, ಚರ್ಚೆಯೇ ಬೇಡ. ಪ್ಲೇಟಿನ 'ಬೆಚ್ಚಗಿನ' ದನಿ ಎಂದು ಹೊಗಳುವುದರಲ್ಲಿ ಒಂದಿಷ್ಟು ಪಾಲು ಮುಳ್ಳು ಸೇರಿಸುವ ಹಿತವಾದ ದೋಷದ್ದೇ. ಹಿತವಾದದ್ದಂತೂ ಹೌದು, ನನಗೂ ಇಷ್ಟ.

ಗೀರು ಬಿದ್ದರೂ ಸಿಡಿ ಬಹಳ ಸಲ ಏನೂ ಆಗದಂತೆ ಹಾಡುತ್ತದೆ. ಅಂಕಿಗಳನ್ನು ಅಕ್ಕಪಕ್ಕ ಇಡದೆ ದೂರ ದೂರ ಹರಡಿ, ಜೊತೆಗೆ ತಾಳೆ ನೋಡುವ ಹೆಚ್ಚುವರಿ ಅಂಕಿಗಳನ್ನು ಬರೆದಿರುತ್ತಾರೆ. ಜಾಡಿನಲ್ಲಿ ಎರಡೂವರೆ ಮಿಲಿಮೀಟರಿನಷ್ಟು ಹಾಳಾದರೂ ಯಂತ್ರ ಲೆಕ್ಕ ಹಾಕಿ ಪೂರ್ತಿ ತುಂಬಿಕೊಳ್ಳುತ್ತದೆ. ಈ ಜಾಣತನವೇ ಅದರ ಕೇಡು. ಪ್ಲೇಟು ಮುಪ್ಪಾಗುವುದು ಕೇಳಿಸುತ್ತದೆ: ಇಂದು ಒಂದು ಟಿಕ್, ಮುಂದಿನ ವರ್ಷ ಹತ್ತು. ಸಿಡಿ ಕೊನೆಯ ದಿನದವರೆಗೂ ಗಟ್ಟಿಯಾಗಿದ್ದಂತೆ ನಟಿಸಿ, ತಿದ್ದುವ ಮಿತಿ ದಾಟಿದ ಮರುಕ್ಷಣ ತಡವರಿಸಿ ಮೂಕಾಗುತ್ತದೆ. ಹೊಳೆಯುವ ಮಗ್ಗುಲನ್ನು ಜೋಪಾನ ಮಾಡುತ್ತೇವೆ, ಅಲ್ಲಿ 1.2 ಮಿಲಿಮೀಟರು ಪ್ಲಾಸ್ಟಿಕ್ಕಿನ ಕಾವಲಿದೆ. ಹೆಸರು ಬರೆದ ಮಗ್ಗುಲಿನಲ್ಲಿ ಅಲ್ಯೂಮಿನಿಯಂ ಪದರಕ್ಕೂ ಗಾಳಿಗೂ ನಡುವೆ ತೆಳುವಾದ ವಾರ್ನಿಶ್ ಮಾತ್ರ. ಕಲಘಟಗಿ ಕಡೆಯ ಮಳೆಗಾಲದ ತೇವ ಅಂಚಿನಿಂದ ಒಳಹೊಕ್ಕರೆ ಅಲ್ಯೂಮಿನಿಯಂ ಮಂಕಾಗುತ್ತದೆ, ಬೆಳಕು ಮರಳಿ ಬರುವುದಿಲ್ಲ. ಮನೆಯಲ್ಲಿ ಸುಟ್ಟ ಸಿಡಿಗಳಲ್ಲಿ ಬರಹ ಇರುವುದೇ ಬಣ್ಣದ ಪದರದಲ್ಲಿ. ಬಿಸಿಲಿಗೆ ಅದು ಮಾಸುತ್ತದೆ. ಬೈಠಕ್ಕುಗಳ ಕ್ಯಾಸೆಟ್ಟನ್ನೆಲ್ಲ ಸಿಡಿಗೆ ಇಳಿಸಿ, ಕ್ಯಾಸೆಟ್ಟು ಎಸೆದು, ಹತ್ತು ವರ್ಷದ ನಂತರ ಹಣೆ ಚಚ್ಚಿಕೊಂಡವರಲ್ಲಿ ನಾನೂ ಒಬ್ಬ.

ಆದರೆ ಹಳೆಯ ಗಾಯನದ ಮಟ್ಟಿಗೆ ಸಿಡಿಗಿಂತ ಸಿಡಿಗೆ ಇಳಿಸಿದವರ ಕೈ ದೊಡ್ಡದು. ಅರಗಿನ ಪ್ಲೇಟಿನ ಚರಚರ ಹೆಚ್ಚಾಗಿ ಏರುಕಂಪನದಲ್ಲಿರುತ್ತದೆ. ತಂಬೂರಿಯ ಜವಾರಿಯ ಮಿನುಗು, ಗಾಯಕರ ಉಸಿರು, 'ಸ'ಕಾರದ ಅಂಚು, ಇವೂ ಅಲ್ಲೇ. ಸಾಫ್ಟ್‌ವೇರಿಗೆ ಹೊಟ್ಟು ಯಾವುದು ಕಾಳು ಯಾವುದು ಗೊತ್ತಿಲ್ಲ. ಜೋರಾಗಿ ತೂರಿದರೆ ಎರಡೂ ಹಾರುತ್ತವೆ. 'ಸ್ವಚ್ಛಗೊಳಿಸಿದ' ಕೆಲವು ಸಿಡಿಗಳಲ್ಲಿ ಹಾಡುಗಾರ ಕಂಬಳಿ ಹೊದ್ದು ಹಾಡಿದಂತೆ ಕೇಳುವುದು ಇದಕ್ಕೇ.

ವೇಗದ ಪ್ರಶ್ನೆ ಇನ್ನೂ ಸೂಕ್ಷ್ಮ. 78 ಎಂಬುದು ಹೆಸರಿಗೆ. ಆ ಕಾಲದ ಪ್ಲೇಟುಗಳೆಲ್ಲ ಅದೇ ವೇಗದಲ್ಲಿ ಕೊರೆದವಲ್ಲ. ವೇಗ ನೂರಕ್ಕೆ ಆರು ಹೆಚ್ಚಾದರೆ ಶ್ರುತಿ ಹಾರ್ಮೋನಿಯಮ್ಮಿನ ಒಂದು ಮನೆ ಏರುತ್ತದೆ, ಲಯವೂ ಅಷ್ಟೇ ಬಿರುಸಾಗುತ್ತದೆ. ಗ್ರಾಮೋಫೋನಿನಲ್ಲಿ ವೇಗದ ತಿರುಪಿತ್ತು, ಕಿವಿಯಿದ್ದವರು ತಿರುಗಿಸಿ ಹೊಂದಿಸಿಕೊಳ್ಳುತ್ತಿದ್ದರು. ಸಿಡಿಯಲ್ಲಿ ಯಾರೋ ಒಮ್ಮೆ ನಿರ್ಧರಿಸಿದ ಶ್ರುತಿಯೇ ಖಾಯಂ. ನಕಲಿನಲ್ಲಿ ಉಳಿದ ಟಿಕ್ಕುಗಳನ್ನು ಎಣಿಸಿದರೆ ನಿಮಿಷಕ್ಕೆ 78 ಸಿಗಬಹುದು, ಆದರೆ ಅದು ಪ್ಲೇಟನ್ನು ಸಿಡಿಗೆ ಇಳಿಸಿದ ದಿನದ ವೇಗ, ಹಾಡಿದ ದಿನದ್ದಲ್ಲ. ಸವಾಯಿ ಗಂಧರ್ವರು ತೀರಿದ್ದು 1952ರಲ್ಲಿ. ಪಾರ್ಶ್ವವಾಯು ಬಡಿದು ಅವರ ಕಛೇರಿ ನಿಂತದ್ದು ಅದಕ್ಕೂ ಹತ್ತು ವರ್ಷ ಮೊದಲು. ಅವರ ಷಡ್ಜ ಎಷ್ಟು ಎತ್ತರದಲ್ಲಿತ್ತೆಂದು ಎದುರು ಕೂತು ಕೇಳಿದವರಿದ್ದರೆ ಈಗ ತೊಂಬತ್ತು ದಾಟಿರಬೇಕು.