ಬಂಟ್ವಾಳದ ಮನೆ ತೆರಿಗೆ ಎಲ್ಲಿಗೆ ಹೋಗುತ್ತದೆ?

ಪುರಸಭೆಯ ತೆರಿಗೆ ಚಲನ್ ಒಮ್ಮೆ ಕೈಗೆತ್ತಿಕೊಳ್ಳಿ. ಮನೆ ಬಿ.ಸಿ. ರೋಡಿನಲ್ಲಿರಲಿ, ಪಾಣೆಮಂಗಳೂರಿನಲ್ಲಿರಲಿ, ಆಸ್ತಿ ತೆರಿಗೆ 1,000 ರೂಪಾಯಿ ಅಂತಿಟ್ಟುಕೊಳ್ಳಿ. ಅದರ ಕೆಳಗೆ ಮೂರು ಸೆಸ್: ಆರೋಗ್ಯಕ್ಕೆ 150, ಗ್ರಂಥಾಲಯಕ್ಕೆ 60, ಭಿಕ್ಷುಕರ ಪುನರ್ವಸತಿಗೆ 30. ಈ 240 ರೂಪಾಯಿಯನ್ನು ಪುರಸಭೆ ವಸೂಲು ಮಾಡಿ ಸಂಬಂಧಪಟ್ಟ ಇಲಾಖೆಗಳಿಗೆ ಕಟ್ಟಬೇಕು. ಬೈಗುಳ ಮಾತ್ರ ಪೂರ್ತಿ ಪುರಸಭೆಗೆ!

ಅದರ ಸ್ವಂತ ಆದಾಯ ಅಂದರೆ ಆಸ್ತಿ ತೆರಿಗೆ, ನೀರಿನ ಬಿಲ್ಲು, ಅಂಗಡಿ ಕೋಣೆಗಳ ಬಾಡಿಗೆ, ವ್ಯಾಪಾರ ಪರವಾನಗಿ, ಕಟ್ಟಡ ಪರವಾನಗಿ ಶುಲ್ಕ. ಹಿಂದೆ ಪೇಟೆಯೊಳಗೆ ಬರುವ ಸರಕಿಗೆ ಆಕ್ಟ್ರಾಯ್ ಇತ್ತು. 1979ರಲ್ಲಿ ರಾಜ್ಯ ಅದನ್ನು ರದ್ದು ಮಾಡಿ, ಬದಲಿಗೆ ಅನುದಾನ ಕೊಡತೊಡಗಿತು. ಕೈ ಚಾಚುವ ಅಭ್ಯಾಸ ಬೆಳೆದದ್ದು ಅಲ್ಲಿಂದ ಅಂತ ನನ್ನ ಲೆಕ್ಕ.

ಅನುದಾನಕ್ಕೂ ಷರತ್ತುಂಟು. 15ನೇ ಹಣಕಾಸು ಆಯೋಗ 2021ರಿಂದ 2026ರ ವರೆಗೆ ಸಣ್ಣ ಪಟ್ಟಣಗಳಿಗೆ ಕೊಟ್ಟ ಹಣದಲ್ಲಿ ಶೇ. 60 ಕುಡಿಯುವ ನೀರು, ನೈರ್ಮಲ್ಯ, ಕಸ ವಿಲೇವಾರಿಗೇ ಮೀಸಲು. ಇನ್ನು ಖರ್ಚಿನ ಕಡೆ ನೋಡಿದರೆ, ನೇತ್ರಾವತಿಯ ನೀರೆತ್ತುವ ಪಂಪಿನ ಕರೆಂಟು, ಬೀದಿದೀಪ, ಪೌರಕಾರ್ಮಿಕರು, ಕಸದ ಗಾಡಿಯ ಡೀಸೆಲು ಇವೆಲ್ಲ ತಿಂಗಳು ತಿಂಗಳು ಬರುವ ಖರ್ಚು.

ಮೂಡುಬಿದಿರೆ ಪುರಸಭೆ, ಬೆಳ್ತಂಗಡಿ ಪಟ್ಟಣ ಪಂಚಾಯತಿನಲ್ಲೂ ಸ್ಥೂಲವಾಗಿ ಇದೇ ಕಥೆ.

ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ. ಬಜೆಟ್‌ಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಸಭೆ ನಡೆಯುತ್ತದೆ, ಅಲ್ಲಿ ಕುರ್ಚಿ ಖಾಲಿಯಿರುವುದೇ ಹೆಚ್ಚು. ಮುಂದಿನ ಸಲ ಚಲನ್ ಹಿಡಿದುಕೊಂಡೇ ಹೋಗಿ, ನಿಮ್ಮ ವಾರ್ಡಿನ ಲೆಕ್ಕ ಕೇಳಿ.