ದೂರದ ಓಟಗಾರನೂ ದೊಡ್ಡ ಮಸೂರವೂ

ಓಟದ ಪಂದ್ಯವನ್ನು ಮೈದಾನದಂಚಿನಿಂದ ಚಿತ್ರಿಸಹೊರಟರೆ ನಮಗೆ ಎರಡು ತೊಡಕುಗಳು ಎದುರಾಗುತ್ತವೆ: ಓಟಗಾರ ದೂರದಲ್ಲಿದ್ದಾನೆ, ಮೇಲಾಗಿ ಅವನು ನಿಲ್ಲುವುದಿಲ್ಲ. ದೂರವನ್ನು ಗೆಲ್ಲಲು ದೀರ್ಘ ನಾಭಿದೂರದ ಮಸೂರ ಸಾಕು. ಆದರೆ ಚಲನೆ? ಸೆಕೆಂಡಿಗೆ ೧೦ ಮೀಟರಿನಂತೆ ಅಡ್ಡಲಾಗಿ ಓಡುವವನು ಸೆಕೆಂಡಿನ ೧/೧೨೫ ಭಾಗದಲ್ಲಿ ೮ ಸೆಂಟಿಮೀಟರ್ ಸರಿದಿರುತ್ತಾನೆ, ಮುಖ ಕಲಸಿಹೋಗುತ್ತದೆ. ಕಾಲವನ್ನು ೧/೫೦೦ ಭಾಗಕ್ಕೆ ಇಳಿಸಿದರೆ ಅವನು ಸರಿಯುವುದು ೨ ಸೆಂಟಿಮೀಟರ್ ಮಾತ್ರ. ಆದರೆ ಫಿಲ್ಮಿಗೆ ದೊರೆಯುವ ಬೆಳಕೂ ಕಾಲುಭಾಗವಾಗುತ್ತದೆ.

ಈ ನಷ್ಟವನ್ನು ತುಂಬಿಕೊಡುವುದು ಮಸೂರದ ಅಗಲ. ೧೯೩೬ರ ಬರ್ಲಿನ್ ಒಲಿಂಪಿಕ್ ಕ್ರೀಡೆಗಳಿಗೆಂದು ಯೇನಾ ನಗರದ ಕಾರ್ಲ್ ಜೈಸ್ ಸಂಸ್ಥೆ ಸಿದ್ಧಪಡಿಸಿದ ೧೮೦ ಮಿಲಿಮೀಟರ್ ಸೊನ್ನಾರ್ ಇದಕ್ಕೆ ಒಳ್ಳೆಯ ನಿದರ್ಶನ. ಅದರ ದ್ವಾರಾಂಕ ೨.೮. ಎಂದರೆ, ೧೮೦ನ್ನು ೨.೮ರಿಂದ ಭಾಗಿಸಿದಾಗ ಬರುವ ಸುಮಾರು ೬೪ ಮಿಲಿಮೀಟರ್ ಅದರ ಬೆಳಕಿನ ಬಾಗಿಲಿನ ವ್ಯಾಸ. ದ್ವಾರಾಂಕ ೫.೬ ಆಗಿದ್ದರೆ ವ್ಯಾಸ ಅರ್ಧ, ಬೆಳಕು ಕಾಲು. ಇಂಥದನ್ನು ‘ವೇಗದ ಮಸೂರ’ವೆನ್ನುವುದು ವಾಡಿಕೆ, ಮಸೂರವೇನೋ ನಿಂತಲ್ಲೇ ನಿಂತಿರುತ್ತದೆ, ಅವಸರಪಡುವುದು ಕ್ಯಾಮೆರಾದ ಕವಾಟ!

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಅದು ತೂಕವೊಂದೇ ಅಲ್ಲ. ೩೫ ಮಿಲಿಮೀಟರ್ ಫಿಲ್ಮಿಗೆ ರೂಢಿಯಲ್ಲಿರುವ ಸ್ಫುಟತೆಯ ಮಾನದಂತೆ ಲೆಕ್ಕ ಹಾಕೋಣ. ಈ ಮಸೂರವನ್ನು ೧೦ ಮೀಟರ್ ದೂರಕ್ಕೆ ಹೊಂದಿಸಿದಾಗ ಸ್ಪಷ್ಟವಾಗಿ ಮೂಡುವ ಆಳ ಸುಮಾರು ಅರ್ಧ ಮೀಟರ್. ಎದುರಿಗೆ ಓಡಿಬರುವ ನಮ್ಮ ಓಟಗಾರ ಅದನ್ನು ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗದಲ್ಲಿ ದಾಟಿಬಿಡುತ್ತಾನೆ. ಕೈಯಿಂದಲೇ ಹೊಂದಿಸಬೇಕಾದ ಇಂಥ ಮಸೂರದಲ್ಲಿ ಪಳಗಿದವರು ಅವನನ್ನು ಬೆನ್ನಟ್ಟಹೋಗುವುದಿಲ್ಲ. ಹಾದಿಯ ಒಂದು ಗೆರೆಗೆ ಮೊದಲೇ ಹೊಂದಿಸಿಟ್ಟುಕೊಂಡು, ಅವನು ಅಲ್ಲಿ ಕಾಲಿಡುವ ತುಸು ಮುನ್ನವೇ ಗುಂಡಿಯೊತ್ತುತ್ತಾರೆ. ಬೆರಳಿಗೂ ಕವಾಟಕ್ಕೂ ಅಷ್ಟು ಹೊತ್ತು ಬೇಕು.